ಡ್ರಮ್ ಕಾಯುವುದಿಲ್ಲ: ತಾಳವಾದ್ಯಕ್ಕೆ ಎಲೆಕ್ಟ್ರಾನಿಕ್ಸ್ ಮತ್ತು ವಿಡಿಯೊ ಕೂಡಿಸುವಾಗ

ಕೋಲು ಚರ್ಮಕ್ಕೆ ತಾಗಿದ ಕ್ಷಣವೇ ಡ್ರಮ್ಮಿನ ನಾದ ಹೊರಟಾಯಿತು. ಆ ಪೆಟ್ಟು ಕಂಪ್ಯೂಟರಿಗೆ ಮುಟ್ಟಿ, ಅದು ನಿಜವಾದ ಪೆಟ್ಟೋ ಪಕ್ಕದ ಟಾಮ್ ಡ್ರಮ್ಮಿನ ಅದುರಾಟವೋ ಎಂದು ತೀರ್ಮಾನವಾಗಿ, ಒಂದು ಧ್ವನಿ ಸ್ಪೀಕರಿಗೆ ಬಂದು, ಒಂದು ಚಿತ್ರ ಪರದೆಗೆ ಬೀಳುವ ಹೊತ್ತಿಗೆ ಡ್ರಮ್ ತನ್ನ ಮಾತು ಮುಗಿಸಿರುತ್ತದೆ. ಧ್ವನಿಮುದ್ರಿಕೆಯಾದರೆ ಅದನ್ನೇ ಒಂದಿಷ್ಟು ತಡೆದು ಚಿತ್ರಕ್ಕೆ ಹೊಂದಿಸಬಹುದು. ಎದುರಿಗೆ ನುಡಿಯುತ್ತಿರುವ ಡ್ರಮ್ಮನ್ನು ತಡೆಯುವ ಗುಂಡಿ ಯಾವ ಮಿಕ್ಸರಿನಲ್ಲೂ ಇಲ್ಲ. ಇಂಥ ಪ್ರದರ್ಶನ ಕಟ್ಟಲು ಹೊರಟವರು ಸಾಮಾನ್ಯವಾಗಿ ಯಾವ ಸಾಫ್ಟ್‌ವೇರ್ ಕೊಳ್ಳಬೇಕು ಎಂಬಲ್ಲಿಂದ ಶುರುಮಾಡುತ್ತಾರೆ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ್ದು ಎರಡು: ಯಾವ ಸಲಕರಣೆ ಎಷ್ಟು ತಡ ಮಾಡುತ್ತದೆ? ಅಷ್ಟು ತಡವಾಗಿ ಬಂದರೂ ಕೆಡದ ಕೆಲಸ ಯಾವುದು? ಇವೆರಡಕ್ಕೆ ಉತ್ತರ ಸಿಕ್ಕರೆ ಮಿಕ್ಕ ಆಯ್ಕೆಗಳು ಬಹುಪಾಲು ತಾವಾಗಿಯೇ ಬಗೆಹರಿಯುತ್ತವೆ.

ತಡದ ಲೆಕ್ಕ

ಗಾಳಿಯಿಂದಲೇ ಹಿಡಿಯೋಣ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ ಮೀಟರಿಗೆ ಹತ್ತಿರಹತ್ತಿರ 3 ಮಿಲಿಸೆಕೆಂಡು. ವಾದಕರಿಂದ ಎರಡು ಮೀಟರ್ ದೂರದ ಮಾನಿಟರ್ ಸ್ಪೀಕರ್ ಏನೂ ಮಾಡದೆಯೇ 6 ಮಿಲಿಸೆಕೆಂಡು ತಿಂದುಬಿಡುತ್ತದೆ. ಮುಂದಿನದು ಆಡಿಯೊ ಬಫರ್, ಅಂದರೆ ಕಂಪ್ಯೂಟರ್ ಸದ್ದಿನ ಅಳತೆಗಳನ್ನು (ಸ್ಯಾಂಪಲ್) ಕಂತುಕಂತಾಗಿ ಕೂಡಿಟ್ಟುಕೊಳ್ಳುವ ಜಾಗ. 48 ಕಿಲೋಹರ್ಟ್ಸ್‌ನಲ್ಲಿ 64 ಸ್ಯಾಂಪಲ್ ಬಫರ್ ಎಂದರೆ 1.3 ಮಿಲಿಸೆಕೆಂಡು, 128 ಎಂದರೆ 2.7, 256 ಎಂದರೆ 5.3, 512 ಎಂದರೆ 10.7. ಒಳಬರುವಾಗ ಒಂದು, ಹೊರಹೋಗುವಾಗ ಒಂದು ಬಫರ್ ಇರುವುದರಿಂದ ಇದನ್ನು ಎರಡರಿಂದ ಗುಣಿಸಿ, ಪರಿವರ್ತಕ ಮತ್ತು ಡ್ರೈವರಿನ ಪಾಲು ಎಂದು ಇನ್ನೆರಡು ಮಿಲಿಸೆಕೆಂಡು ಕೂಡಿಸಬೇಕು. ವಾದ್ಯದಿಂದ ಕಂಪ್ಯೂಟರಿಗೆ ಸ್ವರದ ಸೂಚನೆ ಒಯ್ಯುವ ಹಳೆಯ ಐದು ಕಡ್ಡಿಯ ಮಿಡಿ ಕೇಬಲ್ ಸೆಕೆಂಡಿಗೆ 31,250 ಬಿಟ್ ಸಾಗಿಸುತ್ತದೆ. ಒಂದು ನೋಟ್ ಸಂದೇಶಕ್ಕೆ ಮೂರು ಬೈಟ್, ಅಂದರೆ ಸುಮಾರು 1 ಮಿಲಿಸೆಕೆಂಡು. ನಾಲ್ಕು ಪ್ಯಾಡ್ ಒಟ್ಟಿಗೆ ಬಡಿದರೆ ನಾಲ್ಕನೆಯದು ಮೊದಲನೆಯದಕ್ಕಿಂತ ಸುಮಾರು 3 ಮಿಲಿಸೆಕೆಂಡು ಹಿಂದೆ ಬರುತ್ತದೆ. ಇದನ್ನೇ ದೊಡ್ಡದು ಮಾಡಿ ದೂರುವವರಿದ್ದಾರೆ, ಆದರೆ ಇಡೀ ಸರಪಳಿಯಲ್ಲಿ ಇದರ ಪಾಲು ಅತ್ಯಲ್ಪ.

ಒಟ್ಟು 10 ಮಿಲಿಸೆಕೆಂಡಿನೊಳಗೆ ಇದ್ದರೆ ಟ್ರಿಗರ್ ಧ್ವನಿ, ಅಂದರೆ ಪೆಟ್ಟನ್ನು ಗುರುತಿಸಿ ಯಂತ್ರ ನುಡಿಸುವ ಧ್ವನಿ, ಕೈಗೆ ಅಂಟಿಕೊಂಡಂತೆ ಇರುತ್ತದೆ. ಅದನ್ನು ದಾಟಿತೆಂದರೆ ಕೇಳುವವರಿಗಿಂತ ಮೊದಲು ನುಡಿಸುವವರಿಗೆ ಗೊತ್ತಾಗುತ್ತದೆ. ಅವರು ಅರಿವಿಲ್ಲದೆ ತುಸು ಮೊದಲೇ ಹೊಡೆಯಲು ಶುರುಮಾಡುತ್ತಾರೆ, ಲಯ ಬಿಗಿ ಕಳೆದುಕೊಳ್ಳುತ್ತದೆ. 20, 30 ಮಿಲಿಸೆಕೆಂಡು ಆದಾಗ ಒಂದು ಪೆಟ್ಟು ಎರಡಾಗಿ ಒಡೆದು ಕೇಳುತ್ತದೆ. ತಡಕ್ಕಿಂತ ಕೆಟ್ಟದ್ದು ತಡದ ಏರುಪೇರು. ಸದಾ 9 ಮಿಲಿಸೆಕೆಂಡು ತಡವಾಗುವ ವ್ಯವಸ್ಥೆಗೆ ಕೈ ಒಗ್ಗಿಕೊಳ್ಳುತ್ತದೆ. ಒಮ್ಮೆ 4, ಒಮ್ಮೆ 14 ಆಗುವ ವ್ಯವಸ್ಥೆಗೆ ಯಾರೂ ಒಗ್ಗಲಾರರು. ಬಫರನ್ನು 32ಕ್ಕೆ ಇಳಿಸಿ ಪ್ರೊಸೆಸರ್ ಏದುಸಿರು ಬಿಡುವಂತೆ ಮಾಡುವುದಕ್ಕಿಂತ 128ರಲ್ಲಿ ನೆಮ್ಮದಿಯಾಗಿ ಓಡಿಸುವುದು ಮೇಲು.

ವಿಡಿಯೊ ಬೇರೆಯೇ ಲೋಕ. 60 ಹರ್ಟ್ಸ್‌ನಲ್ಲಿ ಒಂದು ಫ್ರೇಮ್ 16.7 ಮಿಲಿಸೆಕೆಂಡು. ಪೆಟ್ಟು ಫ್ರೇಮಿನ ನಡುವೆ ಎಲ್ಲೋ ಬೀಳುವುದರಿಂದ ಮುಂದಿನ ಫ್ರೇಮಿಗೆ ಸರಾಸರಿ ಅರ್ಧ ಫ್ರೇಮ್ ಕಾಯಬೇಕು. ಗ್ರಾಫಿಕ್ಸ್ ಕಾರ್ಡ್ ಚಿತ್ರವನ್ನು ಒಂದೆರಡು ಫ್ರೇಮ್ ಸರತಿಯಲ್ಲಿ ಇಟ್ಟುಕೊಳ್ಳುತ್ತದೆ. ಪ್ರೊಜೆಕ್ಟರ್ ತನ್ನ ಪಾಲಿಗೆ ಒಂದರಿಂದ ಮೂರು ಫ್ರೇಮ್ ತೆಗೆದುಕೊಳ್ಳುತ್ತದೆ. ಓರೆಯಾಗಿಟ್ಟ ಪ್ರೊಜೆಕ್ಟರಿನ ಚಿತ್ರವನ್ನು ಮೆನುವಿನಲ್ಲಿ ನೇರ ಮಾಡುವ ಕೀಸ್ಟೋನ್, ಚಲನೆಯನ್ನು ನಯಗೊಳಿಸುವ ಸೌಲಭ್ಯ, ಪರದೆಯ ಅಳತೆಗೆ ಹೊಂದದ ರೆಸಲ್ಯೂಶನ್, ಇವೆಲ್ಲ ಇನ್ನಷ್ಟು ಸೇರಿಸುತ್ತವೆ. ಒಟ್ಟು 50ರಿಂದ 100 ಮಿಲಿಸೆಕೆಂಡು ಆಗುವುದು ಮಾಮೂಲು. ಕೀಸ್ಟೋನ್ ಸೊನ್ನೆ ಮಾಡಿ, ಚಿತ್ರದ ಸಂಸ್ಕರಣೆ ತಗ್ಗಿಸುವ ಗೇಮ್ ಮೋಡ್ ಹಾಕಿ, ಪ್ರೊಜೆಕ್ಟರಿನ ಸ್ವಂತ ರೆಸಲ್ಯೂಶನ್ ಕೊಟ್ಟರೆ ಎಷ್ಟೋ ಸಲ ಎರಡು ಫ್ರೇಮಿನಷ್ಟು ತಡ ಉಳಿತಾಯವಾಗುತ್ತದೆ. ಕಾಸು ಖರ್ಚಿಲ್ಲದ ಸುಧಾರಣೆ ಇದೊಂದೇ, ಆದ್ದರಿಂದ ಮೊದಲು ಇದನ್ನೇ ಮಾಡಬೇಕು.

ಇಲ್ಲಿ ಇನ್ನೊಂದು ತೊಡಕಿದೆ. ಪ್ರಸಾರ ಕ್ಷೇತ್ರಕ್ಕಾಗಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೊರಡಿಸಿದ ಬಿಟಿ.1359 ಶಿಫಾರಸಿನ ಪ್ರಕಾರ ಸದ್ದು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡು ಮುಂದಿದ್ದರೆ ನೋಡುಗರಿಗೆ ಗೊತ್ತಾಗುತ್ತದೆ. ಹಿಂದಿದ್ದರೆ 125 ಮಿಲಿಸೆಕೆಂಡಿನ ತನಕ ಗೊತ್ತಾಗುವುದಿಲ್ಲ. ಲೋಕದಲ್ಲಿ ಸದ್ದು ಯಾವಾಗಲೂ ನೋಟದ ಹಿಂದೆಯೇ ಬರುತ್ತದೆ, ಆ ಕಡೆಯ ತಪ್ಪನ್ನು ಮಿದುಳು ಮನ್ನಿಸುತ್ತದೆ. ನಮ್ಮ ಡ್ರಮ್ ಇರುವುದು ಮನ್ನಿಸದ ಕಡೆ: ಸದ್ದು ಮೊದಲು, ಚಿತ್ರ ಆಮೇಲೆ. ಆದರೆ ಸಭಾಂಗಣದ ಗಾಳಿ ಇಲ್ಲಿ ನಮ್ಮ ನೆರವಿಗೆ ಬರುತ್ತದೆ. 20 ಮೀಟರ್ ಹಿಂದೆ ಕೂತವರಿಗೆ ಡ್ರಮ್ಮಿನ ಸದ್ದು 58 ಮಿಲಿಸೆಕೆಂಡು ತಡವಾಗಿ ತಲುಪುವುದರಿಂದ, 60 ಮಿಲಿಸೆಕೆಂಡು ಹಿಂದಿರುವ ಚಿತ್ರ ಅವರಿಗೆ ಕರಾರುವಾಕ್ಕಾಗಿ ಕಾಣುತ್ತದೆ. ಕೆಟ್ಟ ಜಾಗ ಮೊದಲ ಸಾಲು. ಚಿತ್ರದ ಹೊಂದಿಕೆ ಪರೀಕ್ಷಿಸುವವರು ಮಿಕ್ಸರಿನ ಪಕ್ಕ ನಿಂತು ಚೆನ್ನಾಗಿದೆ ಎಂದರೆ ನಂಬಬಾರದು. ಮುಂದಿನ ಸಾಲಿಗೆ ಬಂದು ನೋಡಬೇಕು.

ಅಳೆಯಲು ಫೋನ್ ಸಾಕು. ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್‌ನಲ್ಲಿ ಕೋಲು ಮತ್ತು ಪರದೆ ಎರಡೂ ಕಾಣುವಂತೆ ಚಿತ್ರೀಕರಿಸಿ, ಕೋಲು ತಾಗಿದ ಫ್ರೇಮಿನಿಂದ ಪರದೆ ಬೆಳಗಿದ ಫ್ರೇಮಿನ ತನಕ ಎಣಿಸಿದರೆ ಫ್ರೇಮಿಗೆ 4.2 ಮಿಲಿಸೆಕೆಂಡಿನಂತೆ ಲೆಕ್ಕ ಸಿಗುತ್ತದೆ. ಹತ್ತು ಪೆಟ್ಟು ಅಳೆದು ಕನಿಷ್ಠ, ಗರಿಷ್ಠ ಎರಡನ್ನೂ ಬರೆದಿಡಬೇಕು. ಸದ್ದಿನ ತಡಕ್ಕೆ ಡ್ರಮ್ಮಿನ ಹತ್ತಿರ ಒಂದು ಮೈಕ್, ಸ್ಪೀಕರಿನ ಮುಂದೆ ಇನ್ನೊಂದು ಇಟ್ಟು ಎರಡನ್ನೂ ಒಟ್ಟಿಗೆ ಮುದ್ರಿಸಿ ಅಲೆಗಳ ನಡುವಿನ ಅಂತರ ನೋಡಿದರೆ ಆಯಿತು.

ಪೆಟ್ಟನ್ನು ಹಿಡಿಯುವುದು

ಪೆಟ್ಟನ್ನು ವಿದ್ಯುತ್ ಸಂಕೇತವಾಗಿ ಹಿಡಿಯಲು ಅತಿ ಸರಳ ದಾರಿ ಪೀಜೋ ಬಿಲ್ಲೆ: 27 ಮಿಲಿಮೀಟರ್ ಅಥವಾ 35 ಮಿಲಿಮೀಟರ್ ಅಗಲದ ಹಿತ್ತಾಳೆ ತಟ್ಟೆ, ಮೇಲೆ ಸೆರಾಮಿಕ್ ಪದರ. ಅದನ್ನು ಚರ್ಮದ ಅಂಚಿನಿಂದ ಎರಡು ಮೂರು ಸೆಂಟಿಮೀಟರ್ ಒಳಗೆ, ತೆಳ್ಳನೆಯ ಫೋಮ್ ಟೇಪಿನಿಂದ ಅಂಟಿಸುತ್ತಾರೆ. ತಂತಿಯನ್ನು ಬೆಸೆಯುವಾಗ ಸೆರಾಮಿಕ್ ಬದಿಗೆ ಕಾವು ಒಂದೆರಡು ಸೆಕೆಂಡಿಗಿಂತ ಹೆಚ್ಚು ತಾಗಬಾರದು. ಬೆಳ್ಳಿಯ ಲೇಪ ಕಿತ್ತು ಬರುತ್ತದೆ. ಹಾಳಾಗುವುದು ಹೆಚ್ಚಾಗಿ ಬಿಲ್ಲೆಯಲ್ಲ, ಬೆಸುಗೆಯ ಬುಡ. ಅಲ್ಲಿಗೆ ಬಿಸಿ ಅಂಟಿನ ಒಂದು ಹನಿ ಬಿಟ್ಟು, ತಂತಿಯನ್ನು ಡ್ರಮ್ಮಿನ ಕವಚಕ್ಕೆ ಟೇಪು ಹಾಕಿ ಬಿಗಿದರೆ ಎಳೆತ ಬೆಸುಗೆಗೆ ತಾಗುವುದಿಲ್ಲ.

ಪೆಟ್ಟನ್ನು ಮಿಡಿ ಸಂದೇಶವಾಗಿ ಬದಲಿಸುವ ಡ್ರಮ್ ಮಾಡ್ಯೂಲಿಗೆ ಇದನ್ನು ನೇರ ಜೋಡಿಸಬಹುದು. ಮೈಕ್ರೊಕಂಟ್ರೋಲರಿಗೆ (ಸಣ್ಣ ಪ್ರೋಗ್ರಾಮ್ ಓಡಿಸುವ ಚಿಪ್) ಜೋಡಿಸುವುದಾದರೆ ಎಚ್ಚರ ಬೇಕು, ಏಕೆಂದರೆ ಗಟ್ಟಿ ಪೆಟ್ಟಿಗೆ ಪೀಜೋ ಹತ್ತಾರು ವೋಲ್ಟ್ ಉಗುಳಬಲ್ಲದು. ಬಿಲ್ಲೆಗೆ ಅಡ್ಡಲಾಗಿ 1 ಮೆಗಾಓಮ್ ರೆಸಿಸ್ಟರ್, ಸರಣಿಯಲ್ಲಿ 10 ಕಿಲೋಓಮ್, ಅದರಾಚೆ ಪಿನ್ನಿನ ಬದಿಯಲ್ಲಿ ಗ್ರೌಂಡಿಗೆ ವೋಲ್ಟೇಜ್ ಮಿತಿ ಮೀರದಂತೆ ತಡೆಯುವ ಒಂದು ಜೀನರ್ ಡಯೋಡ್: 5 ವೋಲ್ಟ್ ಬೋರ್ಡಿಗೆ 5.1ರದು, 3.3 ವೋಲ್ಟ್ ಬೋರ್ಡಿಗೆ 3.3ರದು. ಜೀನರ್ ಇಲ್ಲದೆಯೂ ಕೆಲವು ವಾರ ಓಡುತ್ತದೆ, ಆಮೇಲೆ ಆ ಪಿನ್ ಸತ್ತಿರುತ್ತದೆ.

ಇನ್ನು ಹೊಂದಿಕೆ. ಇದಕ್ಕೊಂದು ಕ್ರಮವಿದೆ, ಕ್ರಮ ತಪ್ಪಿದರೆ ಒಂದನ್ನು ಸರಿಪಡಿಸಲು ಹೋಗಿ ಇನ್ನೊಂದು ಕೆಡುತ್ತದೆ. ಮೊದಲು ಗೇನ್, ಅಂದರೆ ಸಂಕೇತವನ್ನು ಹಿಗ್ಗಿಸುವ ಪ್ರಮಾಣ: ವಾದಕರು ಕಾರ್ಯಕ್ರಮದಲ್ಲಿ ಹೊಡೆಯುವಷ್ಟೇ ಗಟ್ಟಿಯಾಗಿ ಹೊಡೆದಾಗ ಮಿಡಿ ವೆಲಾಸಿಟಿ (ಪೆಟ್ಟಿನ ಬಲ ತಿಳಿಸುವ, 127ರ ತನಕದ ಸಂಖ್ಯೆ) 110, 120ರ ಆಸುಪಾಸಿಗೆ ಬರಬೇಕು, 127ಕ್ಕೆ ಅಂಟಿಕೊಂಡು ನಿಲ್ಲಬಾರದು. ಆಮೇಲೆ ಥ್ರೆಶೋಲ್ಡ್, ಅಂದರೆ ಪೆಟ್ಟೆಂದು ಲೆಕ್ಕಕ್ಕೆ ಬರುವ ಕನಿಷ್ಠ ಮಟ್ಟ: ಪಕ್ಕದ ಡ್ರಮ್ಮನ್ನು ಜೋರಾಗಿ ಬಡಿಯುತ್ತ, ಸಭಾಂಗಣದ ಸ್ಪೀಕರಿನಲ್ಲಿ ಕೆಳಸ್ಥಾಯಿಯ ಸದ್ದು ಓಡಿಸುತ್ತ, ಸುಳ್ಳು ಟ್ರಿಗರ್ ನಿಲ್ಲುವ ತನಕ ಏರಿಸುವುದು. ಮೂರನೆಯದು ಸ್ಕ್ಯಾನ್ ಸಮಯ: ಪೆಟ್ಟು ಬಿದ್ದ ಮೇಲೆ ಅದರ ಶಿಖರ ಹುಡುಕಲು ಮಾಡ್ಯೂಲ್ ಕಾಯುವ ಅವಧಿ. 2 ಮಿಲಿಸೆಕೆಂಡಿನಿಂದ ಶುರುಮಾಡಿ, ಒಂದೇ ತೂಕದ ಪೆಟ್ಟಿಗೆ ಒಂದೇ ಬಗೆಯ ಸಂಖ್ಯೆ ಬರುವ ತನಕ ಮಾತ್ರ ಏರಿಸಬೇಕು. ಇಲ್ಲಿ ಏರಿಸಿದ್ದೆಲ್ಲ ನೇರವಾಗಿ ತಡಕ್ಕೆ ಸೇರುತ್ತದೆ.

ಕೊನೆಯದು ಮಾಸ್ಕ್ ಸಮಯ, ಅಂದರೆ ಒಂದು ಪೆಟ್ಟಿನ ನಂತರ ಕಿವಿ ಮುಚ್ಚಿಕೊಳ್ಳುವ ಅವಧಿ. ಬಹಳ ಮಂದಿ ಎಡವುವುದು ಇಲ್ಲೇ. ದೊಡ್ಡ ಟಾಮ್ ಬಹಳ ಹೊತ್ತು ಅದುರುತ್ತದೆ, ಒಂದು ಪೆಟ್ಟು ಎರಡು ನೋಟ್ ಕೊಡುತ್ತದೆ, ಸಿಟ್ಟು ಬಂದು ಮಾಸ್ಕನ್ನು 50ಕ್ಕೆ ಏರಿಸುತ್ತಾರೆ. ಲೆಕ್ಕ ಹಾಕಿ: ನಿಮಿಷಕ್ಕೆ 160ರ ವೇಗದಲ್ಲಿ ಒಂದು ಬೀಟಿಗೆ ನಾಲ್ಕು ಪೆಟ್ಟಾದರೆ ನಡುವಿನ ಅಂತರ 94 ಮಿಲಿಸೆಕೆಂಡು, ತೊಂದರೆಯಿಲ್ಲ. ಎಂಟಾದರೆ 47. ಮಾಸ್ಕ್ 50 ಇದ್ದರೆ ಒಂದು ಬಿಟ್ಟು ಒಂದು ಪೆಟ್ಟು ಮಾಯ, ಡ್ರಮ್ ರೋಲ್ ಅರ್ಧಕ್ಕರ್ಧ ಕಳೆದುಹೋಗುತ್ತದೆ. ಮಾಸ್ಕನ್ನು 25, 30ರಲ್ಲಿ ಇಟ್ಟು, ಅದುರಾಟವನ್ನು ಚರ್ಮದ ಮೇಲೆ ಜೆಲ್ ತುಂಡು ಅಂಟಿಸಿ ತಗ್ಗಿಸುವುದು ಸರಿಯಾದ ದಾರಿ. ಸ್ವಂತ ಪ್ಯಾಚ್ (ಧ್ವನಿ, ಚಿತ್ರ ನಡೆಸುವ ಪ್ರೋಗ್ರಾಮ್) ಬರೆಯುವವರಾದರೆ ಪೆಟ್ಟಿನ ನಂತರ ಥ್ರೆಶೋಲ್ಡನ್ನು ಎತ್ತರಕ್ಕೆ ಹಾರಿಸಿ, ನಾದ ಇಳಿದಂತೆ ಅದನ್ನೂ ಇಳಿಸುತ್ತ ಬರಬಹುದು. ಗಟ್ಟಿಯಾದ ಎರಡನೆಯ ಪೆಟ್ಟು ಆಗ ತಪ್ಪಿಹೋಗುವುದಿಲ್ಲ.

ಪೀಜೋ ಬದಲು ಮೈಕಿನ ಸದ್ದಿನಲ್ಲೇ ಪೆಟ್ಟನ್ನು ಹುಡುಕಬಹುದು. ಇಂಥ ಪ್ಯಾಚ್ ಬರೆಯುವ ಪ್ಯೂರ್ ಡೇಟಾ ಎಂಬ ಸಾಫ್ಟ್‌ವೇರಿನಲ್ಲಿ ಇದಕ್ಕೆಂದೇ ಬಾಂಕ್ ಎಂಬ ಆಬ್ಜೆಕ್ಟ್ ಇದೆ. ಸದ್ದನ್ನು 256 ಸ್ಯಾಂಪಲಿನ ತುಂಡುಗಳಲ್ಲಿ ನೋಡಿ, ಹನ್ನೊಂದು ಫಿಲ್ಟರುಗಳಲ್ಲಿ ಶಕ್ತಿ ಹಠಾತ್ತಾಗಿ ಏರಿದರೆ ಪೆಟ್ಟು ಎನ್ನುತ್ತದೆ. ಮೊದಲೇ ಮಾದರಿ ಕಲಿಸಿಟ್ಟರೆ ನಡುಭಾಗದ ಪೆಟ್ಟು, ಅಂಚಿನ ಪೆಟ್ಟು, ಕೋಲು ಅಡ್ಡವಿಟ್ಟ ಪೆಟ್ಟು ಇವನ್ನು ಬೇರ್ಪಡಿಸಿ ಹೇಳುತ್ತದೆ. ಪೀಜೋ ಕೊಡಲಾಗದ ಸಂಪತ್ತು ಇದು. ಆದರೆ ಮೈಕಿಗೆ ಸಭಾಂಗಣದ ಸ್ಪೀಕರಿನ ಸದ್ದೂ ಕೇಳುತ್ತದೆ: ತಾನೇ ಹುಟ್ಟಿಸಿದ ಧ್ವನಿಯನ್ನು ಹೊಸ ಪೆಟ್ಟೆಂದು ತಿಳಿದು ಮತ್ತೊಂದು ಹುಟ್ಟಿಸುತ್ತದೆ, ಅದು ಇನ್ನೊಂದು. ತಾಲೀಮಿನ ಕೋಣೆಯಲ್ಲಿ ಸರಿಯಿದ್ದದ್ದು ದೊಡ್ಡ ವೇದಿಕೆಯಲ್ಲಿ ಹುಚ್ಚೇಳುವುದು ಇದರಿಂದಲೇ. ಎರಡನ್ನೂ ಜೋಡಿಸುವುದು ಒಳ್ಳೆಯದು. ಪೆಟ್ಟು ಯಾವಾಗ ಬಿತ್ತು ಎಂಬುದನ್ನು ಪೀಜೋ ಹೇಳಲಿ, ಅದು ಎಂಥ ಪೆಟ್ಟು ಎಂಬುದನ್ನು ಮೈಕ್ ಹೇಳಲಿ. ಪೀಜೋ ಸುಮ್ಮನಿದ್ದರೆ ಮೈಕಿನ ಮಾತಿಗೆ ಬೆಲೆಯಿಲ್ಲ.

ಮೃದಂಗ, ತಬಲಾಗಳಂಥ ವಾದ್ಯಗಳಿಗೆ ಬಿಲ್ಲೆಯನ್ನು ಚರ್ಮಕ್ಕೆ ಅಂಟಿಸುವ ಮಾತೇ ಇಲ್ಲ. ಸಾಮಾನ್ಯ ಡ್ರಮ್ಮಿನ ಮೇಲ್ಸ್ವರಗಳು ಒಂದಕ್ಕೊಂದು ಹೊಂದದೆ ಚದುರಿರುತ್ತವೆ. ಈ ವಾದ್ಯಗಳಲ್ಲಿ ಕರಣೆಯ (ಚರ್ಮದ ಮೇಲಿನ ಕಪ್ಪು ಲೇಪದ) ಭಾರದಿಂದ ಅವು ಸರಿಯಾದ ಅನುಪಾತಕ್ಕೆ ಬಂದು ಶ್ರುತಿ ಮೂಡುತ್ತದೆ ಎಂಬುದನ್ನು ಸಿ. ವಿ. ರಾಮನ್ 1920ರಲ್ಲೇ ತೋರಿಸಿದ್ದರು. ಅಲ್ಲಿಗೆ ಕೆಲವೇ ಗ್ರಾಂ ಸೇರಿದರೂ ಆ ಅನುಪಾತ ಕೆಡುತ್ತದೆ. ಬಿಲ್ಲೆಯನ್ನು ಮರದ ಕವಚಕ್ಕೆ ಒತ್ತಿ ಕಟ್ಟಿ, ಬೆರಳ ಪೆಟ್ಟಿನ ಸೂಕ್ಷ್ಮವನ್ನು ಹತ್ತಿರದ ಮೈಕಿಗೆ ಬಿಡಬೇಕು. ಎಡಗೈಯ ಗುಮ್ಕಿಯಂಥ ಜಾರುವ ನಾದಕ್ಕೆ ಪೆಟ್ಟು ಹುಡುಕುವ ವಿಧಾನ ಹೊಂದುವುದೇ ಇಲ್ಲ: ಅಲ್ಲಿ ಸ್ವಾರಸ್ಯವಿರುವುದು ಪೆಟ್ಟು ಬಿದ್ದ ಮೇಲಿನ ಏರಿಳಿತದಲ್ಲಿ. ಅದನ್ನು ಶ್ರುತಿ ಹಿಂಬಾಲಿಸುವ ಪ್ಯಾಚಿಗೆ ಕೊಟ್ಟು, ಬರುವ ನಿರಂತರ ಬೆಲೆಯಿಂದ ಫಿಲ್ಟರನ್ನೋ ಚಿತ್ರದ ಬಾಗನ್ನೋ ನಡೆಸಬಹುದು.

ಎಲೆಕ್ಟ್ರಾನಿಕ್ ಧ್ವನಿಗೆ ಯಾವ ಕೆಲಸ

ಪ್ರತಿ ಪೆಟ್ಟಿಗೆ ಸರಿಯಾಗಿ ಅದೇ ಕ್ಷಣದಲ್ಲಿ ಒಂದು ಸ್ಯಾಂಪಲ್ (ಇಲ್ಲಿ, ಮೊದಲೇ ಮುದ್ರಿಸಿಟ್ಟ ಸಣ್ಣ ಧ್ವನಿ) ನುಡಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಇದು ಅತ್ಯಂತ ಕಡಿಮೆ ತಡ ಬೇಡುತ್ತದೆ, ಕೊಡುವುದು ಮಾತ್ರ ಅತ್ಯಲ್ಪ. ಕಾಲಿನಿಂದ ಹೊಡೆಯುವ ಕಿಕ್ ಡ್ರಮ್ಮಿನ ಮೇಲೆ ಕಿಕ್ ಸ್ಯಾಂಪಲ್ ಹೊದಿಸಿದಾಗ ಆಗುವುದನ್ನು ನೋಡಿ. ಸ್ಯಾಂಪಲ್ 6 ಮಿಲಿಸೆಕೆಂಡು ಹಿಂದಿದ್ದರೆ ಎರಡು ಅಲೆಗಳು ಕೂಡುವಾಗ ಮೊದಲ ಕಡಿತ ಬೀಳುವುದು ಸುಮಾರು 83 ಹರ್ಟ್ಸ್‌ನಲ್ಲಿ, ಕಿಕ್ಕಿನ ಗಾತ್ರವೆಲ್ಲ ಇರುವುದೂ ಅಲ್ಲೇ. ದಪ್ಪ ಮಾಡಲು ಹೋಗಿ ಸದ್ದು ಸೊರಗುತ್ತದೆ. ತಡ ಏರುಪೇರಾಗುತ್ತಿದ್ದರೆ ಒಂದೊಂದು ಪೆಟ್ಟು ಒಂದೊಂದು ಬಗೆಯಾಗಿ ಸೊರಗುತ್ತದೆ. ಹೊದಿಸಲೇಬೇಕೆಂದರೆ ಸ್ಯಾಂಪಲಿನ 150 ಹರ್ಟ್ಸ್ ಕೆಳಗಿನದನ್ನು ಕತ್ತರಿಸಬೇಕು, ಅಥವಾ ಅದರ ಮೊದಲ ಹೊಡೆತವನ್ನು ತೆಗೆದು ಬಾಲವನ್ನಷ್ಟೇ ಇಟ್ಟುಕೊಳ್ಳಬೇಕು. ಹೊಡೆತ ಚರ್ಮದ್ದು, ಬಾಲ ಯಂತ್ರದ್ದು ಎಂದು ಹಂಚಿದರೆ 15 ಮಿಲಿಸೆಕೆಂಡು ತಡವಾದರೂ ಕಿವಿ ಜಗಳಕ್ಕೆ ಬರುವುದಿಲ್ಲ.

ಡ್ರಮ್ಮಿನ ನಾದವನ್ನೇ ಎತ್ತಿಕೊಂಡು ಬದಲಿಸುವುದು ಇದಕ್ಕಿಂತ ಎಷ್ಟೋ ಫಲವತ್ತಾದ ದಾರಿ. ಸಿಂಬಲಿನ ಒಂದು ಕ್ಷಣವನ್ನು ಹಿಡಿದು ನಿಲ್ಲಿಸುವುದು, ಟಾಮ್‌ನ ಪೆಟ್ಟನ್ನು ಎರಡು ಆವರ್ತ ತಡೆದು ಅರ್ಧ ವೇಗದಲ್ಲಿ ಹಿಂತಿರುಗಿಸುವುದು, ಗಾಂಗಿನ ನಾದವನ್ನು ಇನ್ನೊಂದು ಅಲೆಯಿಂದ ಗುಣಿಸುವ ರಿಂಗ್ ಮಾಡ್ಯುಲೇಶನ್. ಇವಕ್ಕೆಲ್ಲ ತಡ ಒಂದು ಲೆಕ್ಕವೇ ಅಲ್ಲ, ಹುಟ್ಟಿನಿಂದಲೇ ಅವು ತಡವಾಗಿ ಬರುವ ನಾದಗಳು. ಈ ಬಗೆಯ ಕೆಲಸದ ಬೇರು ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದ ಸಂಗೀತ ಸಂಯೋಜಕ ಜಾನ್ ಕೇಜ್ 1939ರಲ್ಲಿ ವೇಗ ಬದಲಿಸಬಲ್ಲ ಎರಡು ಟರ್ನ್‌ಟೇಬಲ್‌ಗಳನ್ನು ಸಿಂಬಲ್ ಮತ್ತು ತಂತಿ ಅದುಮಿದ ಪಿಯಾನೊ ಜೊತೆ ನುಡಿಸಿದರು. 1964ರಲ್ಲಿ ಜರ್ಮನ್ ಸಂಯೋಜಕ ಸ್ಟಾಕ್‌ಹೌಸನ್ ಟ್ಯಾಮ್‌ಟ್ಯಾಮ್ ಎಂಬ ಒಂದು ದೊಡ್ಡ ಗಾಂಗಿನ ಸುತ್ತ ಆರು ಜನರನ್ನು ನಿಲ್ಲಿಸಿದರು: ಇಬ್ಬರು ಅದನ್ನು ನುಡಿಸುತ್ತಾರೆ, ಇಬ್ಬರು ಕೈಯಲ್ಲಿ ಮೈಕ್ ಹಿಡಿದು ಅದರ ಮೇಲೆ ಆಡಿಸುತ್ತಾರೆ, ಇಬ್ಬರು ಫಿಲ್ಟರು ಮತ್ತು ಮಟ್ಟ ನಿಯಂತ್ರಿಸುತ್ತಾರೆ. ಅಲ್ಲಿ ಮೈಕ್ ದೂರವಾಗುವುದು, ಹತ್ತಿರವಾಗುವುದು ಸ್ವರಲಿಪಿಯಲ್ಲೇ ಬರೆದ ಕ್ರಿಯೆ. ಎಲೆಕ್ಟ್ರಾನಿಕ್ ಭಾಗವನ್ನು ಮನುಷ್ಯರೇ ಕಿವಿಗೊಟ್ಟು ನುಡಿಸಿದರೆ ಹೊಂದಿಕೆಯ ಅರ್ಧ ಸಮಸ್ಯೆ ಏಳುವುದೇ ಇಲ್ಲ ಎಂಬುದನ್ನು ಇಂದಿನ ಸ್ವಯಂಚಾಲಿತ ಪ್ಯಾಚುಗಳ ನಡುವೆ ಮರೆಯುತ್ತೇವೆ.

ಧ್ವನಿ ಎಲ್ಲಿಂದ ಬರುತ್ತದೆ ಎಂಬುದೂ ಮುಖ್ಯ. ಡ್ರಮ್ ನಡುವೇದಿಕೆಯಲ್ಲಿ, ಅದರ ಎಲೆಕ್ಟ್ರಾನಿಕ್ ನೆರಳು ಆರು ಮೀಟರ್ ಆಚೆಯ ದೊಡ್ಡ ಸ್ಪೀಕರಿನಲ್ಲಿ ಇದ್ದರೆ ಎರಡೂ ಬೆರೆಯುವುದಿಲ್ಲ. ವಾದಕರ ಬೆನ್ನ ಹಿಂದೆಯೇ ಒಂದು ಸಣ್ಣ ಸ್ಪೀಕರ್ ಇಟ್ಟು ಈ ಧ್ವನಿಯನ್ನು ಮೊದಲು ಅಲ್ಲಿಂದ ಬರಿಸಿ, ದೊಡ್ಡ ಸ್ಪೀಕರುಗಳನ್ನು ಬೆಂಬಲಕ್ಕಷ್ಟೇ ಬಳಸಬೇಕು. ಇನ್ನೂ ಮುಂದೆ ಹೋಗಿ 10ರಿಂದ 25 ವಾಟ್‌ನ ಕಂಪನ ಟ್ರಾನ್ಸ್‌ಡ್ಯೂಸರನ್ನು ಡ್ರಮ್ಮಿನ ಕೆಳಚರ್ಮಕ್ಕೆ ತಾಗಿಸಿದರೆ ಡ್ರಮ್ಮೇ ಸ್ಪೀಕರಾಗುತ್ತದೆ. ಅದೇ ಡ್ರಮ್ಮಿನಲ್ಲಿ ಪೀಜೋ ಟ್ರಿಗರ್ ಇಟ್ಟರೆ ತನ್ನ ಸದ್ದೇ ತನ್ನನ್ನು ಮತ್ತೆ ಎಬ್ಬಿಸುವ ಕುಣಿಕೆ ಬೀಳುವುದು ಖಚಿತ. ಅದನ್ನು ತಪ್ಪಿಸುವುದೋ, ಮಟ್ಟ ಹಿಡಿದು ಹಾಡಿಸುವುದೋ ಕೃತಿಗೆ ಬಿಟ್ಟದ್ದು, ಆದರೆ ಅದರ ಮಟ್ಟದ ಗುಂಡಿ ಕೈಗೆ ಸಿಗುವಂತಿರಬೇಕು. ಮೆನುವಿನಲ್ಲಿ ಹುಡುಕುವ ಹೊತ್ತಿಗೆ ಊಳಿಡುವಿಕೆ ಸಭೆಯನ್ನು ಎಬ್ಬಿಸಿರುತ್ತದೆ.

ಗಡಿಯಾರ ಯಾರದು

ನಿಗದಿತ ಉದ್ದದ ವಿಡಿಯೊ, ಕಿವಿಯಲ್ಲಿ ತಾಳ ತೋರಿಸುವ ಕ್ಲಿಕ್: ಇದು ಕಟ್ಟಲು ಸುಲಭ, ಉಸಿರಾಡಲು ಕಷ್ಟ. ಈ ದಾರಿ ಹಿಡಿದರೆ ವಿಡಿಯೊ ಮತ್ತು ಆಡಿಯೊ ಎರಡಕ್ಕೂ ಒಂದೇ ಗಡಿಯಾರ ಇರಬೇಕು. 29.97 ಫ್ರೇಮಿನ ವಿಡಿಯೊವನ್ನು 30 ಎಂದು ಓಡಿಸಿದರೆ ವ್ಯತ್ಯಾಸ ಸಾವಿರಕ್ಕೊಂದು ಮಾತ್ರ. ಹತ್ತು ನಿಮಿಷದ ಕೊನೆಗೆ ಅದು 0.6 ಸೆಕೆಂಡು, ಅಂದರೆ 160ರ ವೇಗದಲ್ಲಿ ಪೂರ್ತಿ ಒಂದು ಬೀಟಿಗಿಂತ ಹೆಚ್ಚು. ತಾಲೀಮಿನಲ್ಲಿ ತುಂಡುತುಂಡಾಗಿ ಅಭ್ಯಾಸ ಮಾಡುವಾಗ ಇದು ಕಾಣುವುದೇ ಇಲ್ಲ, ಮೊದಲಿಂದ ಕೊನೆಯ ತನಕ ಒಮ್ಮೆ ಓಡಿಸಿದಾಗಲೇ ತಲೆ ಎತ್ತುತ್ತದೆ. ಆಡಿಯೊ ಯಜಮಾನನಾಗಿರಲಿ, ವಿಡಿಯೊ ಅದನ್ನು ಹಿಂಬಾಲಿಸಲಿ. ಒಂದು ಫ್ರೇಮ್ ಬಿಟ್ಟುಹೋದರೆ ಕಣ್ಣು ಸಹಿಸುತ್ತದೆ, ಸದ್ದಿನ ಒಂದು ಚಟಪಟವನ್ನು ಕಿವಿ ಸಹಿಸುವುದಿಲ್ಲ. ಕ್ಲಿಕ್ ಕೇಳಲು ಹೊರಸದ್ದನ್ನು ಚೆನ್ನಾಗಿ ತಡೆಯುವ ಇಯರ್‌ಫೋನ್ ಬೇಕು. ಸಿಂಬಲ್‌ಗಳ ನಡುವೆ ಕ್ಲಿಕ್ ಮುಳುಗಿತೆಂದು ಮಟ್ಟ ಏರಿಸುತ್ತ ಹೋದರೆ ಕಿವಿಗೇ ಕುತ್ತು, ಜೊತೆಗೆ ಮೆಲುದನಿಯ ಭಾಗದಲ್ಲಿ ಅದು ಹೊರಗಿನ ಮೈಕಿಗೂ ಸೋರುತ್ತದೆ. ಮೌನದ ಜಾಗಗಳಲ್ಲಿ ಕ್ಲಿಕ್ಕಿನ ಮಟ್ಟ ತಾನಾಗಿಯೇ ಇಳಿಯುವಂತೆ ಟ್ರ್ಯಾಕಿನಲ್ಲೇ ಬರೆದಿಡುವುದು ಒಳ್ಳೆಯದು.

ಇನ್ನೊಂದು ದಾರಿ ಕ್ಲಿಕ್ಕನ್ನೇ ಬಿಟ್ಟು, ಕೃತಿಯನ್ನು ಹಂತಗಳಾಗಿ ಒಡೆದು ಕಾಲಿನ ಪೆಡಲಿನಿಂದ ಮುಂದಕ್ಕೆ ಸರಿಸುವುದು. ನನ್ನ ಒಲವು ಇದರ ಕಡೆಗೆ. ಇದಕ್ಕೆ ವಿಡಿಯೊದ ಪ್ರತಿ ಹಂತವೂ ಎಷ್ಟು ಹೊತ್ತಾದರೂ ತಾಳಿಕೊಳ್ಳುವಂತಿರಬೇಕು: ಮೊದಲು ಚಲಿಸುವ ತುಂಡು, ಅದರ ಕೊನೆಗೆ ಸದ್ದಿಲ್ಲದೆ ಸುತ್ತುತ್ತಿರುವ ತುಂಡು. ಹೀಗೆ ಹಾರಿ ಹಾರಿ ಓಡಿಸುವಾಗ ಎಚ್.264 ಬಗೆಯ ವಿಡಿಯೊ ಕಡತಗಳು ಕೈಕೊಡುತ್ತವೆ, ಏಕೆಂದರೆ ಅವುಗಳಲ್ಲಿ ಹೆಚ್ಚಿನ ಫ್ರೇಮುಗಳು ಅಕ್ಕಪಕ್ಕದ ಫ್ರೇಮುಗಳನ್ನು ಅವಲಂಬಿಸಿರುತ್ತವೆ. ನಡುವೆ ಎಲ್ಲಿಗೋ ಹಾರಿದರೆ ಪೂರ್ಣ ಫ್ರೇಮ್ ಸಿಗುವ ಜಾಗದಿಂದ ಬಿಡಿಸಿಕೊಂಡು ಬರಬೇಕು. ಹ್ಯಾಪ್ ಎಂಬ ಕೋಡೆಕ್ಕಿನಲ್ಲಿ (ವಿಡಿಯೊ ಕುಗ್ಗಿಸುವ ವಿಧಾನ) ಪ್ರತಿ ಫ್ರೇಮೂ ಸ್ವತಂತ್ರ, ಬಿಡಿಸುವ ಕೆಲಸವೂ ಗ್ರಾಫಿಕ್ಸ್ ಕಾರ್ಡಿನದು. ಬೆಲೆ ಡಿಸ್ಕಿನ ಜಾಗ: 1920×1080ರ ಒಂದು ಫ್ರೇಮಿಗೆ ಸುಮಾರು 1 ಮೆಗಾಬೈಟ್ ತನಕ, 60 ಫ್ರೇಮಿಗೆ ಸೆಕೆಂಡಿಗೆ 60 ಮೆಗಾಬೈಟ್ ಆಸುಪಾಸು. ಎಸ್‌ಎಸ್‌ಡಿಗೆ ಇದು ಏನೇನೂ ಅಲ್ಲ. ಪೆಡಲ್‌ಗಳು ಮೂರಿರಲಿ: ಮುಂದೆ, ಹಿಂದೆ, ಎಲ್ಲ ಧ್ವನಿ ನಿಲ್ಲಿಸು. ಎಷ್ಟನೆಯ ಹಂತದಲ್ಲಿದ್ದೇವೆ ಎಂಬ ಸಂಖ್ಯೆ ಎರಡು ಮೀಟರ್ ದೂರದಿಂದ ಓದುವಷ್ಟು ದೊಡ್ಡದಾಗಿ ವಾದಕರ ಕಣ್ಣೆದುರು ಇರಬೇಕು. ಒಂದೇ ತುಳಿತ ಎರಡಾಗದಂತೆ ಪೆಡಲಿಗೆ ಅರ್ಧ ಸೆಕೆಂಡಿನ ಬೀಗ ಹಾಕುವುದನ್ನು ಮರೆತರೆ ಕೃತಿ ಒಂದು ಹಂತ ಮುಂದೆ ಓಡಿಬಿಡುತ್ತದೆ.

ಆಡಿಯೊಗೊಂದು, ವಿಡಿಯೊಗೊಂದು ಎಂದು ಎರಡು ಕಂಪ್ಯೂಟರ್ ಇದ್ದರೆ ನಡುವೆ ನೆಟ್‌ವರ್ಕಿನಲ್ಲಿ ಹೋಗುವ ಒಎಸ್‌ಸಿ (ಓಪನ್ ಸೌಂಡ್ ಕಂಟ್ರೋಲ್) ಸಂದೇಶಗಳು ಸಾಕು. ಅವು ತಂತಿಯ ನೆಟ್‌ವರ್ಕಿನಲ್ಲೇ ಹೋಗಲಿ. ಖಾಲಿ ಸಭಾಂಗಣದಲ್ಲಿ ಚೆನ್ನಾಗಿ ನಡೆದ ವೈಫೈ, ನೂರಾರು ಫೋನುಗಳು ಬಂದು ಕೂತ ಮೇಲೆ ತೊದಲುತ್ತದೆ. ಒಎಸ್‌ಸಿ ಸಾಮಾನ್ಯವಾಗಿ ತಲುಪಿತೇ ಎಂದು ವಿಚಾರಿಸದ ಯುಡಿಪಿ ವಿಧಾನದ ಮೇಲೆ ಓಡುವುದರಿಂದ ಕಳೆದುಹೋದ ಸಂದೇಶ ಮತ್ತೆ ಬರುವುದಿಲ್ಲ. ಆದ್ದರಿಂದ "ಮುಂದಕ್ಕೆ ಹೋಗು" ಎಂದು ಕಳಿಸಬಾರದು, "ಹಂತ 14" ಎಂದೇ ಕಳಿಸಬೇಕು, ಅದನ್ನೂ ಮೂರು ಸಲ. ಒಂದು ಕಳೆದರೂ ಉಳಿದದ್ದು ತಲುಪುತ್ತದೆ, ಮೂರೂ ತಲುಪಿದರೂ ಹಾನಿಯಿಲ್ಲ.

ಚಿತ್ರ

ಪೆಟ್ಟಿಗೊಂದು ಮಿಂಚು ಎಂಬ ನಂಟನ್ನು ಪ್ರೇಕ್ಷಕರು ಅರ್ಧ ನಿಮಿಷದಲ್ಲಿ ಬಿಡಿಸಿಬಿಡುತ್ತಾರೆ, ಆಮೇಲೆ ನೋಡಲು ಏನೂ ಉಳಿಯುವುದಿಲ್ಲ. ಅದರ ಮೇಲೆ ಪರದೆ ತಡ ಎಂಬುದು ಗೊತ್ತೇ ಇದೆ. ಪೆಟ್ಟಿನ ಜೊತೆಗೇ ಬೆಳಕು ಬೇಕೆನಿಸಿದರೆ ಆ ಕೆಲಸವನ್ನು ಎಲ್‌ಇಡಿ ದೀಪಕ್ಕೆ ಕೊಡಬೇಕು. ವೇದಿಕೆಯ ದೀಪಗಳನ್ನು ನಿಯಂತ್ರಿಸುವ ಡಿಎಂಎಕ್ಸ್‌ನಲ್ಲಿ 512 ಚಾನೆಲ್ ಪೂರ್ತಿ ಕಳಿಸಿದರೂ ಸೆಕೆಂಡಿಗೆ 44 ಸಲ ಹೊಸದಾಗುತ್ತದೆ, ಅಂದರೆ 23 ಮಿಲಿಸೆಕೆಂಡಿಗೊಮ್ಮೆ. ದೀಪದ ಮೆನುವಿನಲ್ಲಿ ಬೆಳಕು ನಯವಾಗಿ ಏರುವ ಆಯ್ಕೆ ಇದ್ದರೆ ಅದನ್ನು ಬಂದ್ ಮಾಡಿಡಬೇಕು. ಅಲ್ಲೂ ಮಿತಿ ಬೇಕು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ತೀಕ್ಷ್ಣ ಮಿಂಚು ಬೆಳಕಿಗೆ ಸಂವೇದನೆಯಿರುವ ಅಪಸ್ಮಾರದವರಿಗೆ ಅಪಾಯ. ಮೇಲೆ ಹೇಳಿದ 160ರ ವೇಗದಲ್ಲಿ ಬೀಟಿಗೆ ನಾಲ್ಕು ಪೆಟ್ಟು ಎಂದರೆ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಮಿಂಚು. ಟ್ರಿಗರಿಗೆ ನೇರ ಕಟ್ಟಿದ ಬೆಳಕಿಗೆ ಪ್ಯಾಚಿನಲ್ಲೇ ತಡೆ ಹಾಕಿರಬೇಕು. ವಾದಕರ ಕೈಮೇಲೆ ನಂಬಿಕೆಯಿಟ್ಟು ಬಿಡುವ ವಿಷಯವಲ್ಲ.

ಪರದೆಗೆ ಒಪ್ಪುವುದು ಪೆಟ್ಟುಗಳ ಸಾಂದ್ರತೆ. ಒಂದು ಸಂಖ್ಯೆ ಇಟ್ಟುಕೊಳ್ಳಿ; ಪ್ರತಿ ಪೆಟ್ಟಿಗೆ ಅದರ ವೆಲಾಸಿಟಿಯನ್ನು ಕೂಡಿಸಿ, ಪ್ರತಿ ಫ್ರೇಮಿಗೆ 0.95ರಿಂದ ಗುಣಿಸಿ. 60 ಫ್ರೇಮಿನಲ್ಲಿ ಒಂದು ಪೆಟ್ಟಿನ ಪ್ರಭಾವ ಸೆಕೆಂಡಿನೊಳಗೆ ಶೇಕಡಾ 5ಕ್ಕಿಂತ ಕೆಳಗಿಳಿಯುತ್ತದೆ. ನುಡಿಸುವುದು ಬಿಗಿಯಾದಂತೆ ಸಂಖ್ಯೆ ಏರುತ್ತದೆ, ಸಡಿಲಿಸಿದರೆ ತಗ್ಗುತ್ತದೆ. ಇದಕ್ಕೆ ಬಣ್ಣ, ಕದಲಿಕೆ, ಕಣಗಳ ಸಂಖ್ಯೆ ಏನನ್ನಾದರೂ ಕಟ್ಟಬಹುದು; 80 ಮಿಲಿಸೆಕೆಂಡಿನ ತಡ ಇಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಬಲೆ ಇದೆ: ಭಾರದ ದೃಶ್ಯ ಬಂದು ಫ್ರೇಮ್ ದರ 30ಕ್ಕೆ ಕುಸಿದರೆ ಇಳಿಕೆಯೂ ಅರ್ಧ ವೇಗಕ್ಕೆ ಬರುತ್ತದೆ, ಸಂಖ್ಯೆ ಎರಡರಷ್ಟಾಗುತ್ತದೆ, ದೃಶ್ಯ ಇನ್ನೂ ಭಾರವಾಗುತ್ತದೆ. ಇಳಿಕೆಯನ್ನು ಫ್ರೇಮಿನಿಂದ ಲೆಕ್ಕ ಹಾಕದೆ ಕಳೆದ ಸಮಯದಿಂದ ಲೆಕ್ಕ ಹಾಕಿದರೆ ಇದು ತಪ್ಪುತ್ತದೆ.

ಡ್ರಮ್ಮಿನ ಮೇಲಿಂದ ಕ್ಯಾಮೆರಾ ಇಟ್ಟು ಕೈಗಳನ್ನು ಪರದೆಯಲ್ಲಿ ತೋರಿಸುವುದು ಬಹಳ ಬಳಕೆಯಲ್ಲಿದೆ. ಕ್ಯಾಮೆರಾದ ತಡವೂ ಸೇರಿ ಕೈ ಮೊದಲು, ಪರದೆಯ ಕೈ ಆಮೇಲೆ ಎಂಬ ಅಸಹ್ಯ ಅಂತರ ಬೀಳುತ್ತದೆ. ಅಂತರವನ್ನು ಅಡಗಿಸಲು ಹೆಣಗುವ ಬದಲು ಚಿತ್ರವನ್ನು ಬೇಕೆಂದೇ ಎರಡು ಆವರ್ತ ತಡೆದು ತೋರಿಸಿದರೆ ಅದೊಂದು ಸಂಗೀತದ ನಡೆಯಾಗುತ್ತದೆ. ಕ್ಯಾಮೆರಾ ಪ್ರೊಜೆಕ್ಷನ್ನನ್ನೇ ನೋಡುತ್ತ ಕನ್ನಡಿಯೊಳಗೆ ಕನ್ನಡಿಯಂತೆ ಸಿಕ್ಕಿಕೊಳ್ಳುವುದಾದರೆ 850 ನ್ಯಾನೊಮೀಟರಿನ ಇನ್‌ಫ್ರಾರೆಡ್ ದೀಪ ಹಾಕಿ, ಕ್ಯಾಮೆರಾದ ಒಳಗಿನ ಇನ್‌ಫ್ರಾರೆಡ್ ತಡೆ ತೆಗೆಸಿ, ಗೋಚರ ಬೆಳಕನ್ನು ತಡೆಯುವ ಫಿಲ್ಟರ್ ಕೂರಿಸಬೇಕು. ಕ್ಯಾಮೆರಾಗೆ ವಾದಕರು ಕಾಣುತ್ತಾರೆ, ಪರದೆಯ ಚಿತ್ರ ಕಾಣುವುದಿಲ್ಲ.

ಪ್ರೊಜೆಕ್ಟರಿನ ಬಲವನ್ನು ಲೆಕ್ಕ ಹಾಕುವುದು ಸುಲಭ: ಲ್ಯೂಮೆನ್ನನ್ನು ಪರದೆಯ ವಿಸ್ತೀರ್ಣದಿಂದ ಭಾಗಿಸಿ. 5000 ಲ್ಯೂಮೆನ್, ನಾಲ್ಕು ಮೀಟರ್ ಅಗಲ 2.25 ಎತ್ತರದ ಪರದೆ, ಸುಮಾರು 555 ಲಕ್ಸ್. ವಾದಕರ ಮೇಲೆ ಬಿಟ್ಟ 300 ಲಕ್ಸಿನ ಸಾಮಾನ್ಯ ಬೆಳಕು ಪರದೆಗೂ ಚೆಲ್ಲಿದರೆ ಕಪ್ಪು ಎಂಬುದೇ ಉಳಿಯುವುದಿಲ್ಲ. ವಾದಕರನ್ನು ಪರದೆಯಿಂದ ಎರಡು ಮೂರು ಮೀಟರ್ ಮುಂದೆ ಕೂರಿಸಿ, ಬೆಳಕನ್ನು ಪಕ್ಕದಿಂದ ಕಿರಿದಾಗಿ ಬಿಡಬೇಕು. ಸಿಂಬಲ್‌ಗಳು ಆ ಬೆಳಕನ್ನು ಪರದೆಗೆ ಎಸೆದು ಕುಣಿಸುತ್ತವೆ. ದೀಪದ ಕೋನ ಬದಲಿಸದೆ ಅದಕ್ಕೆ ಬೇರೆ ಮದ್ದಿಲ್ಲ. ಪ್ರೊಜೆಕ್ಟರನ್ನು ಡ್ರಮ್ ಇರುವ ಮರದ ವೇದಿಕೆಯ ಮೇಲೆ ಇಡಬಾರದು, ಪ್ರತಿ ಕಿಕ್ಕಿಗೆ ಚಿತ್ರ ನಡುಗುತ್ತದೆ.

ತಂತಿ ಮತ್ತು ವಿದ್ಯುತ್

ಪ್ರೊಜೆಕ್ಟರಿನ ಎಚ್‌ಡಿಎಂಐ ಸಿಕ್ಕಿಸಿದ ಕೂಡಲೇ ಸ್ಪೀಕರಿನಲ್ಲಿ ಗುಂಯ್ ಎನ್ನತೊಡಗಿದರೆ ಅದು ಗ್ರೌಂಡ್ ಲೂಪ್: ಪ್ರೊಜೆಕ್ಟರಿಗೆ ಒಂದು ಕಡೆಯ ವಿದ್ಯುತ್, ಮಿಕ್ಸರಿಗೆ ಇನ್ನೊಂದು ಕಡೆಯದು, ನಡುವೆ ಲ್ಯಾಪ್‌ಟಾಪ್ ಸೇತುವೆ. ಆಡಿಯೊ ದಾರಿಯಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಪೆಟ್ಟಿಗೆ (ಲ್ಯಾಪ್‌ಟಾಪಿನ ಸದ್ದನ್ನು ಮಿಕ್ಸರಿಗೆ ಒಯ್ಯುವ ಸಣ್ಣ ಪೆಟ್ಟಿಗೆ) ಹಾಕಿ ಗ್ರೌಂಡ್ ಬಿಡಿಸಿದರೆ ನಿಲ್ಲುತ್ತದೆ. ಪ್ಲಗ್ಗಿನ ಅರ್ಥ್ ಕಡ್ಡಿಯನ್ನು ತೆಗೆದು ಸದ್ದು ನಿಲ್ಲಿಸುವವರಿದ್ದಾರೆ. ಜೀವಕ್ಕೆ ಸಂಚಕಾರ ತರುವ ಕೆಲಸ ಅದು. ಯುಎಸ್‌ಬಿ 2 ಕೇಬಲ್ 5 ಮೀಟರ್ ದಾಟಬಾರದು. ಎಚ್‌ಡಿಎಂಐ 15 ಮೀಟರ್ ಮೀರುವಂತಿದ್ದರೆ ಆಪ್ಟಿಕಲ್ ಕೇಬಲ್ ಅಥವಾ ಎಸ್‌ಡಿಐ ಪರಿವರ್ತಕ ಬೇಕು. ಪರಿವರ್ತಕಗಳು ಸೇರಿಸುವ ತಡವನ್ನೂ ಮತ್ತೆ ಫೋನಿನಲ್ಲಿ ಅಳೆಯಬೇಕು. ಲ್ಯಾಪ್‌ಟಾಪಿನಲ್ಲಿ ವೈಫೈ, ಸೂಚನೆಗಳು, ನಿದ್ರೆ, ಸ್ಕ್ರೀನ್‌ಸೇವರ್ ಎಲ್ಲ ಬಂದ್. ವಿಡಿಯೊ ಸತ್ತರೂ ಆಡಿಯೊ, ಆಡಿಯೊ ಸತ್ತರೂ ಡ್ರಮ್ ಮುಂದುವರಿಯುವಂತೆ ಕೃತಿಯನ್ನು ಕಟ್ಟಿರಬೇಕು. ಒಂದೇ ಪ್ಯಾಚಿನಲ್ಲಿ ಮೂರನ್ನೂ ಹೆಣೆದವರಿಗೆ ಈ ಸೌಲಭ್ಯ ಇರುವುದಿಲ್ಲ.

ತಾಲೀಮಿನ ವಿಷಯವಾಗಿ ಒಂದು ಮಾತು. ವಿಡಿಯೊ ಮಾಡುವವರು ದೃಶ್ಯ ತಿದ್ದುತ್ತಿರುವಾಗ ವಾದಕರು ಮತ್ತೆ ಮತ್ತೆ ಅದೇ ನಾಲ್ಕು ಆವರ್ತ ಬಡಿಯುತ್ತ ಕೂರುವುದು ಕೈಗೂ ತಾಳ್ಮೆಗೂ ಹಾನಿ. ಮೊದಲ ತಾಲೀಮಿನಿಂದಲೇ ಪ್ರತಿ ಪೀಜೋ ಮತ್ತು ಮೈಕಿನ ಕಚ್ಚಾ ಸದ್ದನ್ನು ಬೇರೆಬೇರೆ ಟ್ರ್ಯಾಕಿನಲ್ಲಿ ಮುದ್ರಿಸಿ, ಅದನ್ನೇ ಪ್ಯಾಚಿನ ಒಳಬಾಗಿಲಿಗೆ ಹಿಂದಿರುಗಿಸಬೇಕು. ಬರೀ ಮಿಡಿ ಮುದ್ರಿಸಿದರೆ ಸಾಲದು. ಥ್ರೆಶೋಲ್ಡ್, ಮಾಸ್ಕ್ ಬದಲಿಸಿದರೆ ಯಾವ ಪೆಟ್ಟು ತಪ್ಪುತ್ತದೆ, ಯಾವುದು ಇಮ್ಮಡಿಯಾಗುತ್ತದೆ ಎಂಬುದು ಕಚ್ಚಾ ಸದ್ದಿನಿಂದ ಮಾತ್ರ ತಿಳಿಯುತ್ತದೆ. ಥ್ರೆಶೋಲ್ಡ್‌ಗಳನ್ನು ಸಭಾಂಗಣಕ್ಕೊಂದು ಕಡತವಾಗಿ ಉಳಿಸಿ, ಹೊಸ ಜಾಗದಲ್ಲಿ ಸ್ಪೀಕರಿನ ಮಟ್ಟ ನಿಶ್ಚಯವಾದ ಮೇಲಷ್ಟೇ ಅವನ್ನು ಮುಟ್ಟಬೇಕು. ಅದಕ್ಕೆ ಮೊದಲು ಹೊಂದಿಸಿದ್ದನ್ನೆಲ್ಲ ಮಟ್ಟ ಏರಿದ ಕೂಡಲೇ ಮತ್ತೆ ಹೊಂದಿಸಬೇಕಾಗುತ್ತದೆ.